ಮಸಿ ಹಿಡಿಯೋದು ತಣ್ಣನೆ ತಳಕ್ಕೆ

ತುಮಕೂರಿನ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದರೆ ನನ್ನ ಕಣ್ಣು ಮೊದಲು ಒಲೆ ಕಡೆ ಓಡುತ್ತದೆ. ಸೌದೆ ಉರಿಸುವ ಕಡೆ ಸ್ಟೀಲ್ ಪಾತ್ರೆಯ ಮೇಲ್ಭಾಗ ಫಳಫಳ, ತಳ ಕಪ್ಪೋ ಕಪ್ಪು. ಅದೇ ಉರಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಸರಳಿಗೆ ಮಾತ್ರ ಮಸಿಯೇ ಇರುವುದಿಲ್ಲ. ಉರಿಗೆ ಹತ್ತಿರ ಇರೋದು ಅದೇ ಅಲ್ವಾ?

ಮಸಿ ಅಂದರೆ ಪೂರ್ತಿ ಸುಡದೆ ಉಳಿದ ಇಂಗಾಲ. ಗಾಳಿ ಸಿಕ್ಕರೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೂ ಉರಿದು ಹೋಗುತ್ತದೆ. ಕೆಂಪಾದ ಸರಳು ಅಷ್ಟು ಕಾದಿರುತ್ತದೆ. ಪಾತ್ರೆಯಲ್ಲಿ ನೀರು ಕುದಿಯುತ್ತಿರುವವರೆಗೆ ತಳ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ಕೈಗೆ ಅದು ಸುಡುಬಿಸಿ, ಉರಿಯ ಲೆಕ್ಕದಲ್ಲಿ ತಣ್ಣಗೆ. ಗಾಳಿಯಲ್ಲಿ ತೇಲುವ ಮಸಿಯ ಕಣವನ್ನು ಬಿಸಿ ಕಡೆಯ ಅಣುಗಳು ಜೋರಾಗಿ ತಳ್ಳುತ್ತವೆ, ತಣ್ಣನೆ ಕಡೆಯವು ಮೆಲ್ಲಗೆ. ಕಣ ತಣ್ಣನೆ ಕಡೆಗೇ ಸರಿಯುತ್ತದೆ. ಇದರ ಹೆಸರು ಥರ್ಮೋಫೊರೆಸಿಸ್. ಹರಳೆಣ್ಣೆ ದೀಪದ ಮೇಲೆ ತಣ್ಣನೆ ತಟ್ಟೆ ಕವುಚಿ ಕಾಡಿಗೆ ಹಿಡಿದ ಅಜ್ಜಿಯರಿಗೆ ಈ ಹೆಸರು ಬೇಕಾಗಿರಲಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ ತಡೆಯುವುದು ತುಕ್ಕನ್ನು, ಮಸಿಯನ್ನಲ್ಲ. ಬದಲಾಗಬೇಕಿರುವುದು ಉರಿ. ಹಸಿ ಸೌದೆಯ ಶಾಖ ಅದರ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ. ಉರಿ ಸೊರಗಿ ಹೊಗೆ ಜಾಸ್ತಿಯಾಗುತ್ತದೆ, ಜೊತೆಗೆ ಸೌದೆಯಿಂದ ಬರುವ ಜಿಗುಟು ಟಾರ್ ತಳಕ್ಕೆ ಅಂಟುತ್ತದೆ. ಒಣ ಮಸಿ ಬಟ್ಟೆಗೇ ಬರುತ್ತದೆ. ಟಾರ್ ಸೇರಿದ್ದು ಕೆರೆದರೂ ಬಿಡದು. ಹಸಿ ತೆಂಗಿನ ಮಟ್ಟೆ ಒಲೆಗೆ ತುರುಕಿದವರನ್ನು ಕೇಳಿ ನೋಡಿ!

ಪಾತ್ರೆಯನ್ನು ಉರಿಗೆ ಒತ್ತಿ ಕೂರಿಸುವುದೂ ತಪ್ಪೇ. ಜ್ವಾಲೆ ತಣ್ಣನೆ ತಳಕ್ಕೆ ತಾಗಿ ಅರ್ಧಕ್ಕೇ ಆರುತ್ತದೆ. ಅದಕ್ಕೆ ಮೇಲೇಳಲು ಜಾಗ ಬೇಕು, ಕೆಳಗಿನಿಂದ ಗಾಳಿ ಬೇಕು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಮುಟ್ಟಿಸಲು 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಅದರ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಆ ಕೇಂದ್ರದ ಅಸ್ತ್ರ ಒಲೆಗೆ ಗಾಳಿಯಾಡುವ ಜಾಲರಿ, ಮುಚ್ಚಿದ ಉರಿಗೂಡು, ಹೊಗೆ ಕೊಳವೆ ಇಟ್ಟದ್ದು ಸುಮ್ನೆ ಅಲ್ಲ.

ಒಲೆ ಬದಲಿಸಲು ಆಗದಿದ್ದರೆ ಹಳೇ ಉಪಾಯ ಇದ್ದೇ ಇದೆ. ಒಲೆಗೆ ಏರಿಸುವ ಮುಂಚೆ ತಳಕ್ಕೆ ಬೂದಿ ಕಲಸಿದ ಮಣ್ಣು ಸವರುವುದು. ಮಸಿ ಅದರ ಮೇಲೆ ಕೂರುತ್ತದೆ, ನೀರು ಹಾಕಿದರೆ ಎರಡೂ ಒಟ್ಟಿಗೆ ಕಳಚುತ್ತವೆ. ಮನೆಗೆ ಸ್ಟೀಲ್ ಪಾತ್ರೆ ಬಂದಾಗ ಅಮ್ಮ ಇದನ್ನು ನಿಲ್ಲಿಸಿದ್ದರು. ಹೊಳೆಯುವ ತಳಕ್ಕೆ ಯಾರಾದರೂ ಮಣ್ಣು ಬಳಿಯುತ್ತಾರಾ? ವಾರ ಕಳೆಯುವಷ್ಟರಲ್ಲಿ ಮತ್ತೆ ಬಳಿಯುತ್ತಿದ್ದರು.