'ಡಿಡ್ ನಾಟ್ ವೆಂಟ್' ಯಾಕೆ ತಪ್ಪು?

ಪ್ರಶ್ನೆ: ಹೋದೆ ಅಂದರೆ ವೆಂಟ್ ಅಂತ ಗೊತ್ತು. ಆದರೂ ಮಾತಾಡುವಾಗ 'ಐ ಡಿಡ್ ನಾಟ್ ವೆಂಟ್' ಅಂತಲೇ ಬಾಯಿಗೆ ಬರುತ್ತದೆ. ನಿನ್ನೆಯ ವಿಷಯ ತಾನೆ, ಅಲ್ಲಿ 'ಗೋ' ಯಾಕೆ?
– ಓದುಗರು, ಚಿಂತಾಮಣಿ

ಉತ್ತರ: 'ನಿನ್ನೆ ಸಂತೆಗೆ ಹೋದೆ' ಅನ್ನುತ್ತೀರಿ. ಹೋಗದಿದ್ದರೆ? 'ಹೋಗಲಿಲ್ಲ.' 'ಹೋದಲಿಲ್ಲ' ಅಂತ ಯಾರೂ ಅನ್ನುವುದಿಲ್ಲ. ಹೋದದ್ದೂ ನಿನ್ನೆ, ಹೋಗದ್ದೂ ನಿನ್ನೆ, ಆದರೂ 'ಹೋದ' ಬಿಟ್ಟು 'ಹೋಗು' ಹಿಡಿದಿರಿ. ಕಾಲ ಹೇಳುವ ಕೆಲಸವನ್ನು 'ಲಿಲ್ಲ' ವಹಿಸಿಕೊಂಡಿತು. ಇಂಗ್ಲಿಷಿನಲ್ಲಿ ಆ ಕೆಲಸ 'ಡಿಡ್'ನದು. ಡಿಡ್ ಬಂದರೆ ವೆಂಟ್ ಜಾಗ ಬಿಡಬೇಕು: 'ಐ ಡಿಡ್ ನಾಟ್ ಗೋ.' (ನಿಮ್ಮ ಕಡೆಯ ಮನೆಮಾತಿನ ತೆಲುಗಿನಲ್ಲೂ 'ಪೋಲೇದು' ಇದೇ ದಾರಿಯದು.)

ನಿಜವಾದ ಎಡವಟ್ಟು ಪ್ರಶ್ನೆ ಕೇಳುವಾಗ. 'ಹೋದೆ'ಗೆ ಒಂದು 'ಆ' ಅಂಟಿಸಿದರೆ 'ಹೋದೆಯಾ?' ಆಯಿತು, ಇಲ್ಲಿ ಕನ್ನಡ ಕೈಕೊಡುತ್ತದೆ. ಅದೇ ಅಚ್ಚಿನಲ್ಲಿ 'ಡಿಡ್ ಯು ವೆಂಟ್?' ಎರಕವಾಗುತ್ತದೆ. 'ಡಿಡ್ ಯು ಗೋ?' ಅನ್ನಬೇಕು. 'ಯಾರು ಹೋದರು?' ಅನ್ನುವುದಕ್ಕೆ ಮಾತ್ರ ಡಿಡ್ ಬೇಡ: 'ಹೂ ವೆಂಟ್?'

ಇದಕ್ಕಿಂತ ಹೆಚ್ಚು ಕೇಳಿಬರುವ, ಯಾರೂ ತಿದ್ದದ ತಪ್ಪು ಇನ್ನೊಂದಿದೆ. 'ನಿನ್ನೆ ಕೋಲಾರಕ್ಕೆ ಹೋಗಿದ್ದೆ' ಅಂದರೆ ಹೋಗಿ ಬಂದದ್ದೂ ಆಯಿತು ಅಂತ ನಮಗೆ ಅರ್ಥ. ಅದನ್ನೇ 'ಐ ಹ್ಯಾಡ್ ಗಾನ್ ಟು ಕೋಲಾರ್ ಯೆಸ್ಟರ್‌ಡೇ' ಅಂದರೆ ಕೇಳುವವರು 'ಆಮೇಲೆ?' ಅಂತ ಕಾಯುತ್ತಾರೆ. ಹ್ಯಾಡ್ ಗಾನ್ ಬೇಕಾದರೆ ನಡೆದುಹೋದ ಎರಡು ಸಂಗತಿಗಳಿರಬೇಕು, ಇದು ಮೊದಲನೆಯದಾಗಿರಬೇಕು. ನಾನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ತಲುಪಿದೆ, ಅಷ್ಟರಲ್ಲಿ ಬಸ್ ಹೋಗಿತ್ತು: 'ದ ಬಸ್ ಹ್ಯಾಡ್ ಗಾನ್.' ಸುಮ್ಮನೆ ನಿನ್ನೆಯ ಸುದ್ದಿ ಹೇಳುವುದಕ್ಕೆ 'ಐ ವೆಂಟ್ ಟು ಕೋಲಾರ್' ಸಾಕು.

ಗೋ ಎಲ್ಲಿ, ವೆಂಟ್ ಎಲ್ಲಿ ಅನ್ನುವ ಗೊಂದಲವೂ ಸಹಜವೇ. ವೆಂಟ್ ಮೂಲತಃ ಗೋ ಮನೆಯದಲ್ಲ. 'ವೆಂಡ್' ಎಂಬ ಬೇರೆ ಕ್ರಿಯಾಪದದ ಭೂತಕಾಲ. ಸೆಂಡ್–ಸೆಂಟ್, ಬೆಂಡ್–ಬೆಂಟ್, ವೆಂಡ್–ವೆಂಟ್ ಅಂತ ಒಟ್ಟಿಗೆ ಹೇಳಿಕೊಂಡರೆ ನೆನಪಿನಲ್ಲಿ ನಿಲ್ಲುತ್ತದೆ. ಸುಮಾರು 15ನೇ ಶತಮಾನದ ಹೊತ್ತಿಗೆ ಗೋನ ಹಳೆಯ ಭೂತಕಾಲ ಮೂಲೆಗೆ ಸರಿದು ಇದು ಆ ಜಾಗಕ್ಕೆ ಬಂತು. ಒಂದು ಸುಖವೂ ಉಂಟು: ಹೋದೆ, ಹೋದಳು, ಹೋದರು, ಹೋಯಿತು, ಎಲ್ಲಕ್ಕೂ ಅದೊಂದೇ ವೆಂಟ್.

ಅಭ್ಯಾಸಕ್ಕೆ ಪಟ್ಟಿ ಉರು ಹೊಡೆಯಬೇಡಿ. ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಜೋರಾಗಿ ಹೇಳಿ: 'ಶಿ ವೆಂಟ್ ಟು ತುಮಕೂರು. ಶಿ ಡಿಡ್ ನಾಟ್ ಗೋ ಟು ತುಮಕೂರು. ಡಿಡ್ ಶಿ ಗೋ ಟು ತುಮಕೂರು?' ದಿನಕ್ಕೆ ಐದು ಸಂಗತಿ ಸಾಕು. ಗೋ ಬಾಯಿಗೆ ಕೂತ ಮೇಲೆ ಈಟ್–ಏಟ್, ಕಮ್–ಕೇಮ್, ಸೀ–ಸಾ ಹಾಕಿ ನೋಡಿ. ಡಿಡ್ ಅಂದ ತಕ್ಷಣ ಅರೆಗಳಿಗೆ ತಡೆಯಿರಿ. ವೆಂಟ್ ನುಗ್ಗಿಬರುವುದು ಅಲ್ಲೇ.