ತಿಪ್ಪೆಯಿಂದ ಎತ್ತಿಕೊಂಡ ಹೆಸರು

ಬಾಗಲಕೋಟೆ ಹತ್ತಿರದ ಹಳ್ಳಿಯೊಂದರಲ್ಲಿ ಕಳೆದ ತಿಂಗಳು ನಮ್ಮ ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಿದಳು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಹೆಸರು ಅನ್ವಿತಾ, ಸಂಸ್ಕೃತದಲ್ಲಿ ‘ಕೂಡಿದವಳು’ ಎಂದರ್ಥ. ಗುಗ್ಗರಿ ಹಂಚುವಾಗ ಗೋಡೆಗೊರಗಿ ಕುಳಿತಿದ್ದ ಮುತ್ತಜ್ಜಿ ಎರಡು ಸಲ ಕೇಳಿದಳು: ‘ಏನು ಹೆಸರು ಇಟ್ಟಿರಿ?’ ಆಕೆಯ ಹೆಸರು ತಿಪ್ಪವ್ವ.

ಆಕೆಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ನಾಲ್ಕನೆಯದು ಹುಟ್ಟಿದಾಗ ಹಿರಿಯರು ಅದನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಟ್ಟರು. ನೆರೆಮನೆಯಾಕೆ ಎತ್ತಿಕೊಂಡು ಬಂದು, ‘ತಿಪ್ಪೆಯಲ್ಲಿ ಸಿಕ್ಕಿತು, ಬೇಕಾದರೆ ಇಟ್ಟುಕೊಳ್ಳಿ’ ಎಂದಳು. ಹೆತ್ತ ತಾಯಿ ಒಂದು ಸೇರು ಜೋಳ ಅಳೆದು ಕೊಟ್ಟು ತನ್ನ ಕೂಸನ್ನೇ ಕೊಂಡಳು. ಇದು ಯಾರಿಗೂ ಬೇಡವಾದ ಕೂಸು, ನೀನೂ ಮುಟ್ಟಬೇಡ ಎಂದು ಸಾವಿಗೆ ಹೇಳುವ ಬಗೆ ಅದು.

ನಮ್ಮ ಕಡೆಯ ಹುಚ್ಚಪ್ಪ, ಹುಚ್ಚವ್ವ ಎಂಬ ಹೆಸರುಗಳ ಹಿಂದೆಯೂ ಎಷ್ಟೋ ಸಲ ಇದೇ ಅಂಜಿಕೆ ಇರುತ್ತದೆ. ಅರಬ್ಬಿಯಲ್ಲಿ ‘ಫಕೀರ’ ಎಂದರೆ ಬಡವ, ಏನೂ ಇಲ್ಲದವನು. ಕೂಸು ಬದುಕಿದರೆ ಮೊಹರಮ್ಮಿಗೆ ಫಕೀರನನ್ನಾಗಿ ಮಾಡುತ್ತೇವೆ ಎಂದು ಹರಕೆ ಹೊತ್ತ ಹಿಂದೂ ಮನೆಗಳಲ್ಲಿ ಆ ಅರಬ್ಬಿ ಪದಕ್ಕೆ ಕನ್ನಡದ ಅಪ್ಪ ಸೇರಿ ಫಕೀರಪ್ಪನಾದ. ಎಲ್ಲ ತಿಪ್ಪಣ್ಣರೂ ಫಕೀರಪ್ಪರೂ ಹೀಗೇ ಬಂದವರಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ ಇಳಿದದ್ದುಂಟು, ದೇವರ, ಮಠದ ಹೆಸರುಗಳೂ ಉಂಟು.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲೂ ತಿಪ್ಪವ್ವಂದಿರಿದ್ದರು. ಅಲ್ಲಿನ ಪಪೈರಸ್ ದಾಖಲೆಗಳಲ್ಲಿ ಕೊಪ್ರಿಯಾ, ಕೊಪ್ರೆವುಸ್ ಎಂಬ ಹೆಸರುಗಳು ಸಿಗುತ್ತವೆ. ಗ್ರೀಕಿನಲ್ಲಿ ‘ಕೊಪ್ರೋಸ್’ ಎಂದರೆ ಸಗಣಿ, ಗೊಬ್ಬರ. ಇವರು ನಿಜಕ್ಕೂ ತಿಪ್ಪೆಯಲ್ಲಿ ಸಿಕ್ಕ ಅನಾಥರೋ, ಕೆಟ್ಟ ದೃಷ್ಟಿ ತಪ್ಪಿಸಲು ಹಾಗೆ ಕರೆಸಿಕೊಂಡವರೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ತಿಪ್ಪವ್ವಜ್ಜಿಯ ಕಥೆ ಕೇಳಿದ ನನಗೆ ಎರಡನೆಯದೇ ಹೆಚ್ಚು ಸರಿ ಎನ್ನಿಸುತ್ತದೆ. ಮಂಗೋಲಿಯಾದಲ್ಲಿ ನೆರ್ಗುಯ್ ಎಂಬ ಹೆಸರಿದೆ, ಅರ್ಥ ‘ಹೆಸರಿಲ್ಲದ್ದು’. ಎನೆಬಿಷ್ ಎಂದರೆ ‘ಇದಲ್ಲ’. ಹುಡುಕಿಕೊಂಡು ಬಂದ ದೆವ್ವ ದಾರಿ ತಪ್ಪಬೇಕು. ನೈಜೀರಿಯಾದ ಯೊರುಬಾ ಜನ ಸುಳ್ಳು ಹೇಳುವುದಿಲ್ಲ, ಕೂಸನ್ನೇ ಬೇಡಿಕೊಳ್ಳುತ್ತಾರೆ. ಮಾಲೊಮೊ: ‘ಮತ್ತೆ ಹೋಗಬೇಡ’. ಕೊಕುಮೊ: ‘ಇನ್ನು ಸಾಯುವುದಿಲ್ಲ’. ಇವರು ಯಾರೂ ಒಬ್ಬರಿಂದೊಬ್ಬರು ಕಲಿತವರಲ್ಲ. ಸಾಲಾಗಿ ಕೂಸುಗಳನ್ನು ಮಣ್ಣು ಮಾಡಿದ ತಾಯಂದಿರಿಗೆ ಎಲ್ಲೆಡೆಯೂ ಕೈಗೆಟಕಿದ್ದು ಹೆಸರೊಂದೇ.

ತಿಪ್ಪವ್ವಜ್ಜಿ ತನ್ನ ಮಕ್ಕಳನ್ನು ಬೆಳೆಸುತ್ತಿದ್ದ 1971ರಲ್ಲೂ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಮೊದಲ ವರ್ಷ ದಾಟುತ್ತಿರಲಿಲ್ಲ. 2020ರ ಹೊತ್ತಿಗೆ ಅದು 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಭೇದಿಗೆ ಕುಡಿಸುವ ಉಪ್ಪು-ಸಕ್ಕರೆಯ ನೀರು ಮಾಡಿದ ಕೆಲಸವಿದು. ಈಗಿನವರು ಮೊಬೈಲ್ ನೋಡಿ ಹೆಸರಿಡುತ್ತಾರೆ ಎಂದು ಬೈಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಚೆಂದದ ಹೆಸರನ್ನು ಅಂಜಿಕೆಯಿಲ್ಲದೆ ಆರಿಸುವ ಭಾಗ್ಯ ಆ ಮುತ್ತಜ್ಜಿಯ ತಾಯಿಗೆ ಇರಲಿಲ್ಲ.

ಆದರೂ ಆ ತಾಯಿ ಬರೀ ತಿಪ್ಪೆ ಎಂದು ಕರೆಯಲಿಲ್ಲ, ಅದಕ್ಕೊಂದು ಅವ್ವ ಸೇರಿಸಿದಳು. ತಿಪ್ಪೆ ಎಂಬುದು ಸಾವಿನ ಕಿವಿಗೆ, ಅವ್ವ ಎಂಬುದು ಕೂಸಿನ ಕಿವಿಗೆ.

ಕೂಸು ತನ್ನ ಹೆಸರನ್ನು ಗುರುತಿಸುವುದೂ ನಾವು ಎಣಿಸುವುದಕ್ಕಿಂತ ಬೇಗ. ನಾಲ್ಕೂವರೆ ತಿಂಗಳ ಕೂಸುಗಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರನ್ನೇ ಹೆಚ್ಚು ಹೊತ್ತು ಆಲಿಸುತ್ತವೆ ಎಂದು ಅಮೆರಿಕದ ಸಂಶೋಧಕರು 1995ರಲ್ಲಿ ತೋರಿಸಿದರು. ಅರ್ಥ ತಿಳಿಯುವುದಕ್ಕೆ ಮೊದಲೇ ಆ ನಾದ ತನ್ನದೆಂದು ಕೂಸಿಗೆ ಹತ್ತಿರವಾಗಿರುತ್ತದೆ.

ಮೊನ್ನೆ ಮತ್ತೆ ಆ ಮನೆಗೆ ಹೋಗಿದ್ದೆ. ತಿಪ್ಪವ್ವಜ್ಜಿಯ ನಾಲಿಗೆಗೆ ಹೊಸ ಹೆಸರು ಇನ್ನೂ ಹೊರಳಿಲ್ಲ. ತೊಟ್ಟಿಲ ಹಗ್ಗ ಹಿಡಿದು ‘ಅನ್ನವ್ವ, ಅನ್ನವ್ವ’ ಎಂದು ತೂಗುತ್ತಿದ್ದಳು.