ಎರಡು ಬೈಟುಗಳು, ಹಲವು ಧ್ವನಿಗಳು: ಆಡಿಯೊ ಸ್ಯಾಂಪಲ್‌ಗಳು ಮೆಮೊರಿಯಲ್ಲಿ ಕೂರುವ ಬಗೆ

ಮೆಮೊರಿಯಲ್ಲಿ ಅಕ್ಕಪಕ್ಕ ಎರಡು ಬೈಟುಗಳಿವೆ ಎಂದುಕೊಳ್ಳಿ: ಮೊದಲು 232, ಆಮೇಲೆ 3. ಇದು ಯಾವ ಧ್ವನಿ? ಬೈಟುಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. 16 ಬಿಟ್‌ನ ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು) ಸ್ಯಾಂಪಲ್ ಎಂದು ಓದಿದರೆ 3 × 256 + 232, ಅಂದರೆ 1000. ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು) ಎಂದು ಓದಿದರೆ 232 × 256 + 3 = 59,395; ಚಿಹ್ನೆಯುಳ್ಳ ಸಂಖ್ಯೆಯಾದ್ದರಿಂದ ಅದರಲ್ಲಿ 65,536 ಕಳೆದು −6,141. 8 ಬಿಟ್ ಎಂದು ಓದಿದರೆ ಇವು ಎರಡು ಬೇರೆ ಬೇರೆ ಸ್ಯಾಂಪಲ್‌ಗಳು. ಬೈಟಿನ ಮೇಲೆ ಅದರ ಅರ್ಥ ಬರೆದಿರುವುದಿಲ್ಲ. ಅದನ್ನು ಫೈಲಿನ ಆರಂಭದ ವಿವರಭಾಗವಾದ ಹೆಡರ್ ಅಥವಾ ಪ್ರೋಗ್ರಾಂ ಬೇರೆಯಾಗಿ ಹೇಳಬೇಕು. ಈ ಒಂದು ಮಾತು ಮನಸ್ಸಿಗೆ ನಾಟಿದ ಮೇಲೆ ಉಳಿದದ್ದೆಲ್ಲ ನನಗೆ ಸುಲಭವಾಯಿತು.

ಸ್ಯಾಂಪಲ್ ಎಂದರೆ ಒಂದು ಕ್ಷಣದಲ್ಲಿ ಧ್ವನಿಯ ಅಲೆ ಎಷ್ಟು ಎತ್ತರದಲ್ಲಿತ್ತು ಎಂಬ ಅಳತೆ. ಸಿಡಿಯಲ್ಲಿ ಪ್ರತಿ ಚಾನಲ್‌ಗೆ ಸೆಕೆಂಡಿಗೆ 44,100 ಅಳತೆಗಳು. ಎರಡು ಚಾನಲ್, ಅಳತೆಗೆ 2 ಬೈಟ್, ಒಟ್ಟು ಸೆಕೆಂಡಿಗೆ 1,76,400 ಬೈಟ್.

ಬೈಟ್ ಕ್ರಮದ ತಪ್ಪನ್ನು ಕಿವಿಯಿಂದಲೇ ಗುರುತಿಸಬಹುದು. ವೇವ್ (WAV) ಎಂಬ ಬಗೆಯ ಆಡಿಯೊ ಫೈಲಿನಲ್ಲಿ ಸಾಮಾನ್ಯವಾಗಿ ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತದೆ. ಎಐಎಫ್‌ಎಫ್ (AIFF) ಎಂಬ ಇನ್ನೊಂದು ಬಗೆಯ ಆಡಿಯೊ ಫೈಲಿನ ಮೂಲ ರೂಪದಲ್ಲಿ ದೊಡ್ಡದು ಮೊದಲು. ಕ್ರಮ ಅದಲುಬದಲಾದರೆ 0 ಹಾಗೆಯೇ 0 ಆಗಿ ಉಳಿಯುತ್ತದೆ, ಆದರೆ 1 ಇದ್ದದ್ದು 256 ಆಗುತ್ತದೆ. ಹೀಗಾಗಿ ಪೂರ್ಣ ಮೌನವಿರುವ ಭಾಗ ಮೌನವಾಗಿಯೇ ಇರುತ್ತದೆ, ಪಿಸುಮಾತು ಮಾತ್ರ ಕಿವಿಗಡಚಿಕ್ಕುವ ಗದ್ದಲವಾಗುತ್ತದೆ. ಇಂಥ ಪ್ರಯೋಗ ಮಾಡುವ ಮೊದಲು ಹೆಡ್‌ಫೋನ್ ತೆಗೆದಿಡಿ.

16 ಬಿಟ್‌ನ ವ್ಯಾಪ್ತಿ −32,768ರಿಂದ 32,767; ಮೌನ ಎಂದರೆ 0. ವೇವ್‌ನ 8 ಬಿಟ್ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿ ಚಿಹ್ನೆಯಿಲ್ಲ, ವ್ಯಾಪ್ತಿ 0ಯಿಂದ 255, ಮೌನ 128ರಲ್ಲಿ. ಬಫರನ್ನು, ಅಂದರೆ ಸ್ಯಾಂಪಲ್‌ಗಳನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿಯ ಜಾಗವನ್ನು, ಸೊನ್ನೆಯಿಂದ ತುಂಬಿದರೆ ಅಲೆ ತಳಕ್ಕೆ ಕುಸಿದು ಕೂರುತ್ತದೆ, ಆ ಭಾಗದ ಆರಂಭದಲ್ಲೂ ಕೊನೆಯಲ್ಲೂ 'ಟಕ್' ಎಂಬ ಸದ್ದು ಕೇಳುತ್ತದೆ.

ಹೆಚ್ಚು ಗಮನ ಬೇಡುವುದು 24 ಬಿಟ್. ಪ್ರೊಸೆಸರ್‌ಗಳಿಗೆ 1, 2, 4, 8 ಬೈಟುಗಳ ಸಂಖ್ಯೆಗಳು ಸಹಜ; ಮೂರು ಬೈಟಿನದು ಅಲ್ಲ. ಆದ್ದರಿಂದ ಫೈಲಿನಲ್ಲಿ ಮೂರು ಮೂರು ಬೈಟುಗಳು ಒತ್ತಾಗಿ ಕುಳಿತಿದ್ದರೂ ಮೆಮೊರಿಯಲ್ಲಿ ಅವುಗಳಿಗೆ ಬಹಳ ಸಲ ನಾಲ್ಕು ಬೈಟಿನ ಮನೆ ಕೊಡುತ್ತಾರೆ. ಉಳಿದ ಬೈಟಿನಲ್ಲಿ ಏನಿಡಬೇಕು? 24 ಬಿಟ್‌ನ −1 ಎಂದರೆ 255, 255, 255. ಮೇಲಿನ ಬೈಟಿಗೆ ಸೊನ್ನೆ ಹಾಕಿದರೆ ಅದು 1,67,77,215 ಆಗಿಬಿಡುತ್ತದೆ. ಋಣ ಸಂಖ್ಯೆಗೆ ಅಲ್ಲಿಯೂ 255 ತುಂಬಿ ಚಿಹ್ನೆಯನ್ನು ಮುಂದುವರಿಸಬೇಕು. ಮೂರು ಬೈಟುಗಳನ್ನು ಮೇಲಕ್ಕೆ ಸರಿಸಿ ಕೆಳಗಿನದನ್ನು ಸೊನ್ನೆಯಾಗಿಸುವುದು ಇನ್ನೊಂದು ಉಪಾಯ. ಬೆಲೆ 256 ಪಟ್ಟಾಗುತ್ತದೆ, ಆದರೆ ಚಿಹ್ನೆ ತಾನಾಗಿಯೇ ಸರಿಹೋಗುತ್ತದೆ. ನನಗೆ ಈ ಎರಡನೆಯದೇ ಅಚ್ಚುಕಟ್ಟೆನಿಸುತ್ತದೆ.

ಸ್ಟೀರಿಯೊ ಸಾಮಾನ್ಯವಾಗಿ ಎಡ, ಬಲ, ಎಡ, ಬಲ ಎಂದು ಹೆಣೆದುಕೊಂಡಿರುತ್ತದೆ. ಒಂದು ಎಡ ಮತ್ತು ಒಂದು ಬಲ ಸೇರಿ ಒಂದು ಫ್ರೇಮ್. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದರೆ 16 ಬಿಟ್‌ನಲ್ಲಿ 100ನೇ ಫ್ರೇಮಿನ ಬಲ ಸ್ಯಾಂಪಲ್ (100 × 2 + 1) × 2, ಅಂದರೆ 402ನೇ ಬೈಟಿನಲ್ಲಿ ಆರಂಭವಾಗುತ್ತದೆ. ಇದನ್ನೇ ಮೊನೊ ಎಂದು ಅದೇ ವೇಗದಲ್ಲಿ ನುಡಿಸಿದರೆ ಧ್ವನಿ ಎರಡು ಪಟ್ಟು ಉದ್ದವಾಗಿ, ಒಂದು ಸ್ಥಾಯಿ ಕೆಳಗಿಳಿದು ಕೇಳುತ್ತದೆ. ಪ್ರತಿ ಚಾನಲ್‌ಗೂ ಬೇರೆ ಬಫರ್ ಕೊಡುವ ಕ್ರಮವೂ ಇದೆ; ಫಿಲ್ಟರ್ ಬರೆಯುವವರಿಗೆ ಅದೇ ಅನುಕೂಲ.

ಇನ್ನು 32 ಬಿಟ್ ಫ್ಲೋಟ್, ಅಂದರೆ ದಶಮಾಂಶ ಭಾಗವನ್ನೂ ಹಿಡಿದಿಡಬಲ್ಲ ಸಂಖ್ಯೆ. 1 ಬಿಟ್ ಚಿಹ್ನೆಗೆ, 8 ಘಾತಕ್ಕೆ, 23 ಭಿನ್ನರಾಶಿಗೆ. ಪೂರ್ಣ ಮಟ್ಟವನ್ನು −1.0ಯಿಂದ 1.0 ಎಂದು ಇಟ್ಟುಕೊಳ್ಳುತ್ತಾರೆ, ಆದರೆ 1.8 ಬಂದರೂ ಮೆಮೊರಿಯಲ್ಲಿ ಏನೂ ಕೆಡುವುದಿಲ್ಲ. ಆಮೇಲೆ ಮಟ್ಟ ತಗ್ಗಿಸಿದರೆ ಅಲೆ ಇದ್ದಂತೆಯೇ ಸಿಗುತ್ತದೆ. ಅಪಾಯವಿರುವುದು 16 ಬಿಟ್‌ಗೆ ಮರಳುವಾಗ. 1.0 ಅನ್ನು 32,768ರಿಂದ ಗುಣಿಸಿದರೆ ಬರುವುದು 32,768, ಗರಿಷ್ಠ ಬೆಲೆಗಿಂತ ಒಂದೇ ಒಂದು ಹೆಚ್ಚು. ಅದನ್ನು 32,767ಕ್ಕೆ ತಡೆಯದೆ ಎರಡು ಬೈಟಿಗೆ ಮೊಟಕುಗೊಳಿಸಿದರೆ ಅಲೆಯ ಶಿಖರವೇ −32,768 ಆಗಿ ಪಾತಾಳಕ್ಕೆ ಬೀಳುತ್ತದೆ.